ದಫ್ತರದ ಬಾಗಿಲು ಯಾರಿಗೆ ತೆರೆದಿದೆ?



ಸಂಗೊಳ್ಳಿಯ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಖಡ್ಗ ಹಿರಿದು ನಿಂತ ರಾಯಣ್ಣನ ಚಿತ್ರ. ಬೈಲಹೊಂಗಲ ಸೀಮೆಯ ಈ ಊರಿನ ಮಗ ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ನೇಣುಗಂಬವನ್ನೇರಿದ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ, ಲಾವಣಿಗಳಲ್ಲಿ ಕೇಳಿದ್ದೇವೆ. ಆ ಹೋರಾಟದ ಒಂದು ಸಂಗತಿಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ರಾಯಣ್ಣನ ಪಡೆಯ ಗುರಿ ಖಜಾನೆ ಮತ್ತು ಸೈನಿಕರಷ್ಟೇ ಆಗಿರಲಿಲ್ಲ. ಬೀಡಿ, ಸಂಪಗಾವಿ ಮುಂತಾದ ಕಡೆಗಳ ಸರಕಾರಿ ಕಚೇರಿಗಳು ಅವರ ದಾಳಿಗೆ ತುತ್ತಾದವು. ಅಲ್ಲಿದ್ದ ದಫ್ತರಗಳು ಬೆಂಕಿಗೆ ಆಹುತಿಯಾದವು. ಕಾಗದದ ಮೇಲೆ ಒಬ್ಬ ಯೋಧನಿಗೆ ಅಷ್ಟು ಕೋಪವೇಕೆ?

ಉತ್ತರ ಕಷ್ಟದ್ದಲ್ಲ. ರಾಯಣ್ಣನದು ಶೇತಸನದಿಯ ಮನೆತನ. ಊರಿನ ಕಾವಲು ಕಾಯುವ ಸೇವೆಗೆ ಪ್ರತಿಯಾಗಿ ಭೂಮಿಯನ್ನು ಉಂಬಳಿಯಾಗಿ ಪಡೆದವರು ಅವರು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಅಂಥ ಉಂಬಳಿಗಳ ಮೇಲೆ ಕೈಮಾಡಿತು. ಭೂಮಿಯ ಒಂದು ಭಾಗವನ್ನು ಕಿತ್ತುಕೊಂಡು ಉಳಿದುದಕ್ಕೆ ಹೆಚ್ಚಿನ ಕರ ಹಾಕಿತು. ಇದೆಲ್ಲ ನಡೆದದ್ದು ಕಾಗದದ ಮೇಲೆ. ಹೊಲ ಉಳುವವನ ಪಾಲನ್ನು ನಿರ್ಧರಿಸುತ್ತಿದ್ದುದು ಅವನು ಓದಲಾರದ ಒಂದು ಹಾಳೆ. ಆ ಹಾಳೆಯನ್ನು ಓದಬಲ್ಲ ಕುಲಕರ್ಣಿ ಊರಿನಲ್ಲಿ ಒಬ್ಬನೇ. ಅವನು ಓದಿದ್ದೇ ನಿಜ, ಬರೆದದ್ದೇ ಹಕ್ಕು.

ಆ ಬರಹದ ಲಿಪಿಯೂ ಜನರದ್ದಾಗಿರಲಿಲ್ಲ. ಪೇಶ್ವೆಯರ ಕಾಲದಿಂದ ಈ ಸೀಮೆಯ ಲೆಕ್ಕಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಅಕ್ಷರದಲ್ಲಿ ನಡೆದುಬಂದಿದ್ದವು. ಕನ್ನಡ ಬಲ್ಲ ರೈತನಿಗೂ ತನ್ನ ಹೊಲದ ಕಾಗದ ಮುಚ್ಚಿದ ಬಾಗಿಲೇ ಆಗಿತ್ತು. 1824ರಲ್ಲಿ ಕಿತ್ತೂರಿನವರಿಗೆ ಸೆರೆಸಿಕ್ಕು ಬಿಡುಗಡೆಯಾದ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಧಾರವಾಡದಲ್ಲಿ ಕನ್ನಡ ಶಾಲೆಗೆ ಬೆಂಬಲವಾಗಿ ನಿಂತರು. ಅವರ ನಂತರ ಡೆಪ್ಯುಟಿ ಚನ್ನಬಸಪ್ಪನವರು ಬೆಳಗಾವಿ ಮತ್ತು ಧಾರವಾಡದ ಭಾಗಗಳಲ್ಲಿ ಕನ್ನಡ ಶಾಲೆಗಳು ನೆಲೆಗೊಳ್ಳಲು ಶ್ರಮಿಸಿದರು. 1956ರಲ್ಲಿ ರಾಜ್ಯ ಒಂದಾಯಿತು. 1963ರಲ್ಲಿ ಕನ್ನಡ ಆಡಳಿತ ಭಾಷೆಯಾಯಿತು. ಸರಕಾರದ ಕಾಗದವನ್ನು ಜನರು ತಾವೇ ಓದುವಂತಾಗಲು ಈ ನಾಡು ನೂರೈವತ್ತು ವರ್ಷ ದುಡಿದಿದೆ.

ಆದರೆ ಈ ದುಡಿಮೆಯ ಫಲ ಎಲ್ಲರ ಪಾಲಿಗೂ ಬಂದಿತೇ? ಕಣ್ಣಿಲ್ಲದವನು ಆ ಹಾಳೆಯನ್ನು ಹೇಗೆ ಓದಬೇಕು? ಈ ಪ್ರಶ್ನೆಯ ಚರಿತ್ರೆಯನ್ನೇ ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಆರು ಚುಕ್ಕೆಗಳ ಬೆಳಕು

1829ನೆಯ ವರ್ಷವನ್ನು ನೆನಪಿಡಿ. ಆ ವರ್ಷದ ಫೆಬ್ರವರಿ 2ರಂದು ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದಳು. ಅದೇ ವರ್ಷ, ದೂರದ ಪ್ಯಾರಿಸ್ ನಗರದಲ್ಲಿ ಇಪ್ಪತ್ತು ವರ್ಷದ ಅಂಧ ತರುಣನೊಬ್ಬ ಒಂದು ಪುಸ್ತಕವನ್ನು ಹೊರತಂದ. ಅವನ ಹೆಸರು ಲೂಯಿ ಬ್ರೈಲ್. ಅವನ ತಂದೆ ಕುದುರೆಯ ಜೀನು, ಲಗಾಮು ಮಾಡುವ ಚರ್ಮದ ಕೆಲಸಗಾರ. ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕಾರ್ಖಾನೆಯಲ್ಲಿ ಉಳಿಯೊಂದು ಕಣ್ಣಿಗೆ ಚುಚ್ಚಿ, ಆ ಗಾಯದಿಂದ ಎರಡೂ ಕಣ್ಣುಗಳು ಹೋದವು. ಅಂಥದೇ ಮೊನೆಯಿಂದ ಕಾಗದದ ಮೇಲೆ ಉಬ್ಬು ಚುಕ್ಕೆಗಳನ್ನು ಮೂಡಿಸಿ, ಬೆರಳಿನಿಂದ ಓದಬಹುದಾದ ಲಿಪಿಯನ್ನು ಅವನು ಕಟ್ಟಿದ. ಆರು ಚುಕ್ಕೆಗಳ ಒಂದು ಚೌಕಟ್ಟು. ಅದರೊಳಗೆ ಜಗತ್ತಿನ ಎಲ್ಲ ಅಕ್ಷರಗಳು. ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ ವಾದಕನಾಗಿ ಸೇವೆ ಸಲ್ಲಿಸುತ್ತಿದ್ದ ಬ್ರೈಲ್ 1852ರಲ್ಲಿ ತನ್ನ 43ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನು ಕಲಿತು ಕಲಿಸಿದ ಶಾಲೆಯೇ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಅವನು ತೀರಿದ ಎರಡು ವರ್ಷಗಳ ನಂತರ.

ಆ ಬೆಳಕು ಭಾರತಕ್ಕೆ ಬಂದ ದಾರಿಯಲ್ಲಿ ಮಿಷನರಿಗಳ ಹೆಜ್ಜೆಗಳಿವೆ. 1887ರಲ್ಲಿ ಆ್ಯನಿ ಶಾರ್ಪ್ ಎಂಬ ಮಹಿಳೆ ಅಮೃತಸರದಲ್ಲಿ ಅಂಧರಿಗಾಗಿ ಶಾಲೆಯನ್ನು ತೆರೆದರು. ಈ ದೇಶದಲ್ಲಿ ಅಂಧರ ಶಿಕ್ಷಣದ ಚರಿತ್ರೆ ಆರಂಭವಾಗುವುದು ಅಲ್ಲಿಂದ. ನಮ್ಮ ನಾಡಿನ ಮೈಸೂರಿನಲ್ಲಿ 1901ರಲ್ಲಿ ಕಿವುಡರ ಮತ್ತು ಅಂಧರ ಶಾಲೆ ಪ್ರಾರಂಭವಾಯಿತು. ಒಂದೊಂದು ಭಾಷೆಗೆ ಒಂದೊಂದು ಬಗೆಯ ಚುಕ್ಕೆ ಲಿಪಿ ಬಳಕೆಯಲ್ಲಿದ್ದ ಗೊಂದಲ ಕೊನೆಗೊಂಡದ್ದು 1951ರಲ್ಲಿ, ಭಾರತೀ ಬ್ರೈಲ್ ರೂಪುಗೊಂಡಾಗ. ಅಂದಿನಿಂದ ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಚುಕ್ಕೆಗಳು ಒಂದೇ.

ಕಣ್ಣಿಲ್ಲದವರ ಶಕ್ತಿಯೇನೆಂಬುದಕ್ಕೆ ನಮ್ಮ ಉತ್ತರ ಕರ್ನಾಟಕ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅವರು ಕಟ್ಟಿದ ಆಶ್ರಮದಲ್ಲಿ ಸಾವಿರಾರು ಅಂಧ ಮಕ್ಕಳು ಅನ್ನ, ಅಕ್ಷರ, ಸಂಗೀತ ಮೂರನ್ನೂ ಪಡೆದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ದೊರೆಯಿತು.

ಶಾಲೆ ಸಿಕ್ಕಿತು, ಪುಸ್ತಕ ಸಿಕ್ಕಿತು, ಸಂಗೀತ ಸಿಕ್ಕಿತು. ಆದರೆ ಮಾಮಲೇದಾರ ಕಚೇರಿಯ ಕಾಗದ ಮಾತ್ರ ಸಿಗಲಿಲ್ಲ. ಹೊಲದ ಉತಾರ, ಮಾಸಾಶನದ ಆದೇಶ, ಮತದಾರರ ಪಟ್ಟಿ ಎಲ್ಲವೂ ಶಾಯಿಯಲ್ಲೇ ಉಳಿದವು. ಶಾಯಿಗೆ ಉಬ್ಬಿಲ್ಲ, ಬೆರಳು ಅದನ್ನು ಓದಲಾರದು. ಮೋಡಿ ಲಿಪಿಯ ಮುಂದೆ ಸಂಗೊಳ್ಳಿಯ ರೈತ ನಿಂತಂತೆ, ಕನ್ನಡ ಲಿಪಿಯ ಮುಂದೆ ಅಂಧನು ನಿಂತೇ ಇದ್ದನು.

ರೈತನ ಕಡೆಗೆ ತಿರುಗಿದ ಪರದೆ

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕರ್ನಾಟಕ ಸರಕಾರ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿತು. ಅದುವೇ 'ಭೂಮಿ' ಯೋಜನೆ. ಸುಮಾರು 9 ಸಾವಿರ ತಲಾಟಿಗಳು ತಮ್ಮ ತಮ್ಮ ಗಂಟುಗಳಲ್ಲಿ ಕಟ್ಟಿಟ್ಟುಕೊಂಡಿದ್ದ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಉತಾರಗಳು ಗಣಕೀಕರಣಗೊಂಡವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುವಂತಾಯಿತು. ತಲಾಟಿಯನ್ನು ಹುಡುಕಿಕೊಂಡು ಅಲೆಯುವ, ಅವನ ಮನಸ್ಸು ಮೆಚ್ಚಿಸುವ ಕಾಲ ಹಿಂದೆ ಸರಿಯಿತು.

ಆ ಕಿಟಕಿಯ ಒಂದು ಏರ್ಪಾಡು ಬಹಳ ಅರ್ಥಪೂರ್ಣವಾದದ್ದು. ಗಣಕಯಂತ್ರಕ್ಕೆ ಎರಡನೆಯ ಪರದೆಯೊಂದನ್ನು ಜೋಡಿಸಿ ಅದನ್ನು ರೈತನ ಕಡೆಗೆ ತಿರುಗಿಸಿ ಇಡಲಾಗಿತ್ತು. ಸಿಬ್ಬಂದಿ ಏನು ಮಾಡುತ್ತಿದ್ದಾನೆಂಬುದನ್ನು ರೈತನು ತಾನೇ ನೋಡಿ ತಿಳಿಯಬೇಕೆಂಬುದು ಅದರ ಉದ್ದೇಶ. ಕುಲಕರ್ಣಿಯ ದಫ್ತರ ರೈತನಿಗೆ ಬೆನ್ನು ಮಾಡಿತ್ತು. ಈ ಪರದೆ ಅವನಿಗೆ ಮುಖ ಮಾಡಿತು. ನೂರೈವತ್ತು ವರ್ಷಗಳ ನಡಿಗೆಯನ್ನು ಈ ಒಂದು ಪರದೆಯಲ್ಲಿ ಕಾಣಬಹುದು. ಆದರೆ ಕಿಟಕಿಯ ಮುಂದೆ ನಿಂತವನು ಅಂಧನಾಗಿದ್ದರೆ ಆ ಪರದೆ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ.

ಹೇಳಬಹುದಾಗಿತ್ತು ಎಂಬುದೇ ಇಲ್ಲಿನ ನೋವು. ಗಣಕಯಂತ್ರ ಬಂದಾಗ ಅಂಧರ ಪಾಲಿಗೆ ಬ್ರೈಲ್ ನಂತರದ ಅತಿದೊಡ್ಡ ಬಾಗಿಲು ತೆರೆದಿತ್ತು. ಪರದೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶವನ್ನು 'ಸ್ಕ್ರೀನ್ ರೀಡರ್' ಎನ್ನುತ್ತಾರೆ. 1995ರಲ್ಲಿ 'ಜಾಸ್' ಎಂಬ ಅಂಥ ತಂತ್ರಾಂಶ ವಿಂಡೋಸ್ ಗಣಕಗಳಿಗಾಗಿ ಬಂದಿತು. ಅದರ ಬೆಲೆ ನಮ್ಮ ಬಡವರ ಕೈಗೆಟುಕುವಂಥದ್ದಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರ್ರನ್ ಎಂಬ ಅಂಧ ತರುಣ 'ಎನ್‌ವಿಡಿಎ' ಎಂಬ ತಂತ್ರಾಂಶವನ್ನು ಬರೆಯಲಾರಂಭಿಸಿ, ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟ. ಇಂದು ಸಾಮಾನ್ಯ ಮೊಬೈಲ್ ಫೋನಿನಲ್ಲೂ ಇಂಥ ಸೌಲಭ್ಯ ಇರುತ್ತದೆ. ಬೆರಳು ಪರದೆಯ ಮೇಲೆ ಸರಿದಂತೆ ಫೋನು ಓದುತ್ತದೆ; ಕಿವಿ ಕಣ್ಣಿನ ಕೆಲಸ ಮಾಡುತ್ತದೆ.

ಹೀಗಿರುವಾಗ ಸರಕಾರದ ದಾಖಲೆ ಜಾಲತಾಣಕ್ಕೆ ಬಂದ ದಿನವೇ ಅಂಧರ ಸಂಕಟ ತೀರಬೇಕಾಗಿತ್ತಲ್ಲವೇ? ಕನ್ನಡದಲ್ಲಿ ಅದು ತೀರಲಿಲ್ಲ. ಅದಕ್ಕೆ ಒಂದು ವಿಚಿತ್ರವಾದ ಕಾರಣವಿತ್ತು.

ಕನ್ನಡದ ವೇಷ ತೊಟ್ಟ ಅಕ್ಷರಗಳು

1990ರ ದಶಕದಲ್ಲಿ ಮತ್ತು 2000ದ ಮೊದಲ ವರ್ಷಗಳಲ್ಲಿ ಗಣಕದಲ್ಲಿ ಕನ್ನಡ ಬರೆಯಲು ಹಲವು ತಂತ್ರಾಂಶಗಳು ಬಂದವು. ಶೇಷಾದ್ರಿ ವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ನಮಗೆಲ್ಲ ಪರಿಚಿತವಾದವು. ಕನ್ನಡಕ್ಕೆ ಇವು ಮಾಡಿದ ಉಪಕಾರ ದೊಡ್ಡದು. ಅವು ಇಲ್ಲದಿದ್ದರೆ ಸರಕಾರಿ ಕಚೇರಿಗಳಲ್ಲಿ ಗಣಕ ಇಂಗ್ಲಿಷಿನ ಯಂತ್ರವಾಗಿಯೇ ಉಳಿದುಬಿಡುತ್ತಿತ್ತು. ಆದರೆ ಅಂದಿನ ಅಕ್ಷರಶೈಲಿಗಳ ಒಳಗುಟ್ಟು ಬೇರೆ ಇತ್ತು. ಗಣಕದ ಸ್ಮೃತಿಯಲ್ಲಿ ಉಳಿಯುತ್ತಿದ್ದುದು ಕನ್ನಡವಲ್ಲ. ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡ ಅಕ್ಷರಗಳ ಆಕಾರವನ್ನು ಹೊದಿಸಲಾಗುತ್ತಿತ್ತು. ನಮ್ಮ ದೊಡ್ಡಾಟದಲ್ಲಿ ನಟನು ವೇಷ ತೊಟ್ಟು ರಾಜನಾಗುವಂತೆ, ಆ ಚಿಹ್ನೆಗಳು ಕನ್ನಡದ ವೇಷ ತೊಟ್ಟು ಪರದೆಯ ಮೇಲೆ ನಿಲ್ಲುತ್ತಿದ್ದವು.

ನೋಡುವವನಿಗೆ ವೇಷ ಸಾಕು. ಅವನು ಪರದೆಯ ಮೇಲೆ 'ಸಂಗೊಳ್ಳಿ' ಎಂದು ಓದುತ್ತಾನೆ. ಕೇಳುವವನಿಗೆ ವೇಷ ಕಾಣಿಸದು. ಒಳಗಿನ ದನಿ ಮಾತ್ರ ಕೇಳಿಸುತ್ತದೆ. ಸ್ಕ್ರೀನ್ ರೀಡರ್ ಆ ಪುಟವನ್ನು ಓದತೊಡಗಿದರೆ ಹೊರಬರುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಗದ್ದಲ. ಆ ಪುಟ ಸಿದ್ಧಪಡಿಸಿದವರಿಗೆ ಇದು ಗೊತ್ತಾಗಲು ದಾರಿಯೇ ಇರಲಿಲ್ಲ. ಅವರ ಕಣ್ಣಿಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ಯಾರ ದುರುದ್ದೇಶವೂ ಇಲ್ಲದೆ ಎದ್ದ ಗೋಡೆ ಅದು. ಕಟ್ಟಿದವರಿಗೇ ಕಾಣದ ಗೋಡೆ.

ಈ ಗೋಡೆಗೆ ಮದ್ದಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಡುವ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿತ್ತು. ಆದರೆ ಕಚೇರಿಗಳ ಬಳಕೆಗೆ ಅದು ಬರಲು ಬಹಳ ಕಾಲ ಹಿಡಿಯಿತು. 2010ರ ದಶಕದಲ್ಲಿ ರಾಜ್ಯ ಸರಕಾರ ಯೂನಿಕೋಡಿನತ್ತ ಹೊರಳಿತು. ಯೂನಿಕೋಡಿನಲ್ಲಿ 'ಕ' ಎಂದರೆ ಒಳಗೂ 'ಕ', ಹೊರಗೂ 'ಕ'. ಹಾಗಾಗಿ ಯಂತ್ರ ಅದನ್ನು ಕನ್ನಡವೆಂದೇ ಗುರುತಿಸಿ ಓದುತ್ತದೆ, ಬ್ರೈಲಿಗೂ ಪರಿವರ್ತಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡದ ಬರಹವನ್ನು ದನಿಯಾಗಿಸುವ ಹಾಗೂ ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳನ್ನು ರೂಪಿಸಿತು.

ಅಕ್ಷರದ ಗೋಡೆ ಕುಸಿದರೂ ಬೇರೆ ಗೋಡೆಗಳು ಉಳಿಯುತ್ತವೆ. ಕಚೇರಿಯ ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಅದರ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸುವುದು ರೂಢಿ. ನೋಡುವವನಿಗೆ ಅದು ಆದೇಶ; ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ. ಅದರಲ್ಲಿ ಓದಲು ಅಕ್ಷರವೇ ಇಲ್ಲ. ಅರ್ಜಿ ನಮೂನೆಯ ಖಾಲಿ ಜಾಗಕ್ಕೆ ಹೆಸರು ಜೋಡಿಸದಿದ್ದರೆ, ಇಲ್ಲಿ ತಂದೆಯ ಹೆಸರು ಬರೆಯಬೇಕೋ ಸರ್ವೆ ನಂಬರು ಬರೆಯಬೇಕೋ ಎಂಬುದು ಅಂಧನಿಗೆ ತಿಳಿಯದು. ಇನ್ನು ಕೊನೆಯಲ್ಲಿ ಎದುರಾಗುವುದು, ಸೊಟ್ಟಸೊಟ್ಟ ಅಕ್ಷರಗಳ ಚಿತ್ರವನ್ನು ತೋರಿಸಿ ಇದನ್ನು ನೋಡಿ ಬರೆಯಿರಿ ಎನ್ನುವ 'ಕ್ಯಾಪ್ಚಾ'. ಬಂದವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸಲು ಇಟ್ಟ ಕಾವಲು ಅದು. ಅದನ್ನು ದನಿಯಲ್ಲಿ ಕೇಳಿಸುವ ಏರ್ಪಾಡು ಇಲ್ಲದಿದ್ದರೆ ಕಣ್ಣಿಲ್ಲದ ಮನುಷ್ಯನನ್ನು ಆ ಕಾವಲು ಮನುಷ್ಯನೇ ಅಲ್ಲವೆಂದು ಹೊರಗೆ ನಿಲ್ಲಿಸುತ್ತದೆ.

ಇದು ಅಂಧರ ಮಾತು ಮಾತ್ರವಲ್ಲ. ಕೈ ನಡುಗುವವರಿಗೆ ಮೌಸ್ ಹಿಡಿಯುವುದು ಕಷ್ಟ; ಅವರಿಗೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಆಗಬೇಕು. ಕಿವಿ ಕೇಳದವರಿಗೆ ಸರಕಾರದ ವಿಡಿಯೋ ಪ್ರಕಟಣೆಯ ಕೆಳಗೆ ಬರಹ ಬೇಕು, ಸಂಜ್ಞಾಭಾಷೆ ಬೇಕು. ನಿಧಾನವಾಗಿ ಓದುವವರಿಗೆ ಪುಟ ತಟ್ಟನೆ ಮುಚ್ಚಿಹೋಗದಷ್ಟು ಸಮಯ ಬೇಕು. ಮಂದದೃಷ್ಟಿಯವರಿಗೆ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಸಾಕಷ್ಟು ವ್ಯತ್ಯಾಸ ಬೇಕು; ಅಂತರರಾಷ್ಟ್ರೀಯ ನಿಯಮ ಇದನ್ನು ಕನಿಷ್ಠ 4.5ಕ್ಕೆ 1 ಎಂದು ನಿಗದಿಪಡಿಸಿದೆ. ನಿಮ್ಮ ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಅಜ್ಜನೋ ಕೈ ನಡುಗುವ ಅಜ್ಜಿಯೋ ಇದ್ದರೆ ಇದು ನಿಮ್ಮ ಮನೆಯ ಮಾತೂ ಹೌದು.

ಕಾನೂನು ನಡೆದುಬಂದ ದಾರಿ

ಜಾಲತಾಣಗಳು ಎಲ್ಲರಿಗೂ ದಕ್ಕುವಂತೆ ಇರಬೇಕಾದ ಕ್ರಮವನ್ನು ಜಾಗತಿಕ ಜಾಲ ಒಕ್ಕೂಟ ಮೊದಲ ಬಾರಿಗೆ 1999ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದೇ ವರ್ಷ ಆಸ್ಟ್ರೇಲಿಯದ ಬ್ರೂಸ್ ಮಗ್ವೈರ್ ಎಂಬ ಅಂಧರು ಸಿಡ್ನಿ ಒಲಿಂಪಿಕ್ಸ್ ಸಂಘಟನಾ ಸಮಿತಿಯ ವಿರುದ್ಧ ಮಾನವ ಹಕ್ಕುಗಳ ಆಯೋಗದಲ್ಲಿ ದೂರು ಕೊಟ್ಟರು. ಸಮಿತಿಯ ಜಾಲತಾಣವನ್ನು ತಮ್ಮಂಥವರು ಓದಲಾಗುವುದಿಲ್ಲ ಎಂಬುದು ಅವರ ಅಳಲು. ಅದನ್ನು ಸರಿಪಡಿಸಲು ಬಹಳ ಹಣ ಬೇಕೆಂದು ಸಮಿತಿ ವಾದಿಸಿತು. ಆಯೋಗ ಆ ವಾದವನ್ನು ಒಪ್ಪಲಿಲ್ಲ. 2000ದಲ್ಲಿ ಅವರ ಪರವಾಗಿ ತೀರ್ಪು ಬಂದಿತು. 20 ಸಾವಿರ ಡಾಲರ್ ಪರಿಹಾರ ವಿಧಿಸಲಾಯಿತು. ಜಾಲತಾಣವೂ ಸಾರ್ವಜನಿಕ ಕಟ್ಟಡದಂತೆಯೇ, ಅದರ ಬಾಗಿಲು ಯಾರಿಗೂ ಮುಚ್ಚಿರಬಾರದು ಎಂಬ ವಿಚಾರಕ್ಕೆ ಈ ತೀರ್ಪು ಬಲ ಕೊಟ್ಟಿತು.

ನಮ್ಮ ದೇಶದ 1995ರ ವಿಕಲಚೇತನರ ಕಾಯಿದೆ ರಸ್ತೆ, ಬಸ್ಸು, ಕಟ್ಟಡಗಳ ಬಗೆಗೆ ಮಾತನಾಡಿತು. ಜಾಲತಾಣದ ಯೋಚನೆಗೆ ಆಗ ಕಾಲ ಪಕ್ವವಾಗಿರಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಒಂದು ಹೆಜ್ಜೆ ಮುಂದಿಟ್ಟು, ಇಂದ್ರಿಯ ವೈಕಲ್ಯ ಉಳ್ಳವರಿಗೆ ದಾಖಲೆಯನ್ನು ತಿಳಿಯಲು ಅಧಿಕಾರಿಯು ನೆರವಾಗಬೇಕೆಂದು ಹೇಳಿತು. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಅನುಮೋದಿಸಿತು. ಅದರ 9ನೆಯ ವಿಧಿಯಲ್ಲಿ ಅಂತರಜಾಲದ ಹೆಸರೇ ಇದೆ. 2009ರಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸರಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿತು.

ಮಾರ್ಗಸೂಚಿ ಬಂದರೆ ಸಾಕೇ? ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆ 2012ರಲ್ಲಿ ದೇಶದ ಸುಮಾರು 7,800 ಸರಕಾರಿ ಜಾಲತಾಣಗಳನ್ನು ಪರೀಕ್ಷಿಸಿ ವರದಿ ಮಾಡಿತು. ಅನೇಕ ತಾಣಗಳು ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಬಹುಪಾಲು ತಾಣಗಳಲ್ಲಿ ಅಡೆತಡೆಗಳಿದ್ದವು. 2013ರಲ್ಲಿ ಕೇಂದ್ರ ಸರಕಾರ ಇದಕ್ಕಾಗಿಯೇ ಒಂದು ರಾಷ್ಟ್ರೀಯ ನೀತಿಯನ್ನು ಅಂಗೀಕರಿಸಿತು. 2015ರ ಡಿಸೆಂಬರ್ 3ರಂದು 'ಸುಗಮ್ಯ ಭಾರತ' ಅಭಿಯಾನ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 7ರ ಬದಲು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ದಕ್ಕುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆ ಎಂದು ಸಾರಿತು.

ಹೊಣೆ ಕಾಗದದ ಮೇಲಿತ್ತು; ಪರೀಕ್ಷೆ ಬಂದದ್ದು ಮಹಾಮಾರಿಯ ಕಾಲದಲ್ಲಿ. 2021ರಲ್ಲಿ ಕೊರೋನಾ ಲಸಿಕೆ ಪಡೆಯಲು 18ರಿಂದ 44 ವರ್ಷದವರು 'ಕೋವಿನ್' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕೆಂದು ಮೊದಲಿಗೆ ಕಡ್ಡಾಯ ಮಾಡಲಾಗಿತ್ತು. ಆ ತಾಣ ದೃಷ್ಟಿವಿಕಲರಿಗೆ ದಕ್ಕುವಂತಿಲ್ಲ, ಕ್ಯಾಪ್ಚಾ ದನಿಯಲ್ಲಿ ಸಿಗುತ್ತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2021ರ ಮೇ 31ರ ತನ್ನ ಆದೇಶದಲ್ಲಿ ಎತ್ತಿ ತೋರಿಸಿತು. ಒಂದು ಪುಟದ ವಿನ್ಯಾಸ ಪ್ರಾಣದ ಪ್ರಶ್ನೆಯಾದ ಗಳಿಗೆ ಅದು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅದೇ ವರ್ಷದ ಜೂನ್ 1ರಿಂದ ವೈಕಲ್ಯದ ಪ್ರಮಾಣಪತ್ರವನ್ನು ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದ ಮೂಲಕವೇ ನೀಡಬೇಕೆಂದು ಕೇಂದ್ರ ಸರಕಾರ ಕಡ್ಡಾಯ ಮಾಡಿತು. ಅಂದರೆ, ತಾನು ಅಂಧನೆಂದು ಸಾಬೀತುಪಡಿಸುವ ದಾರಿಯೂ ಇಂದು ಜಾಲತಾಣದೊಳಗಿಂದಲೇ ಹಾದುಹೋಗುತ್ತದೆ.

ಮುಂದಿನ ಎರಡು ತೀರ್ಪುಗಳು ಈ ಚರಿತ್ರೆಯಲ್ಲಿ ಮಹತ್ವದವು. 2005ರಲ್ಲಿ ರಾಜೀವ್ ರತೂರಿ ಎಂಬ ದೃಷ್ಟಿವಿಕಲರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೀಗೆ ತೀರ್ಮಾನಿಸಿತು: ಸೌಲಭ್ಯಗಳು ಎಲ್ಲರಿಗೂ ದಕ್ಕುವಂತಿರಬೇಕೆಂಬುದು ಕಾಯಿದೆಯಲ್ಲಿ ಕಡ್ಡಾಯ, ಆದ್ದರಿಂದ ಅದನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸುವ ನಿಯಮ ನಿಲ್ಲುವುದಿಲ್ಲ. ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಅದು ಸರಕಾರಕ್ಕೆ ಸೂಚಿಸಿತು. ಎರಡನೆಯದು 2025ರ ಏಪ್ರಿಲ್ 30ರ ತೀರ್ಪು. ಆಸಿಡ್ ದಾಳಿಗೆ ತುತ್ತಾಗಿ ಬದುಕುಳಿದ ಪ್ರಜ್ಞಾ ಪ್ರಸೂನ್ ಅವರಿಗೆ ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂದು ಹೇಳಲಾಯಿತು. ಆ ದಾಳಿಯ ಗಾಯಗಳಿಂದಾಗಿ ಅವರು ಕಣ್ಣು ಮಿಟುಕಿಸಲಾರರು. ಅವರ ಅರ್ಜಿಯನ್ನೂ ಅಮರ್ ಜೈನ್ ಎಂಬ ಅಂಧ ವಕೀಲರ ಅರ್ಜಿಯನ್ನೂ ಒಟ್ಟಿಗೆ ಆಲಿಸಿದ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು.

ಬೇರೆಯವರು ಓದಿ ಹೇಳಿದರೆ ಸಾಲದೇ?

ಇಲ್ಲಿ ನಿಮ್ಮಲ್ಲಿ ಒಬ್ಬರು ಕೇಳಬಹುದು: "ಇಷ್ಟೆಲ್ಲ ಏಕೆ? ಮನೆಯಲ್ಲಿ ಮಗನಿದ್ದಾನೆ, ಊರಿನಲ್ಲಿ ಗ್ರಾಮ ಒನ್ ಕೇಂದ್ರವಿದೆ. ಯಾರಾದರೂ ಓದಿ ಹೇಳಿದರೆ ಆಯಿತಲ್ಲ?" ಪ್ರಶ್ನೆ ಸಹಜವಾದದ್ದು. ನೆರವು ಕೊಡುವುದೂ ಪಡೆಯುವುದೂ ಒಳ್ಳೆಯದೇ. ನೆರವಿಲ್ಲದೆ ಯಾರೂ ಬದುಕಲಾರರು. 2022ರಿಂದ ಹಳ್ಳಿಗಳಲ್ಲಿ ತೆರೆದ ಗ್ರಾಮ ಒನ್ ಕೇಂದ್ರಗಳು ಬಹಳ ಜನರ ಅಲೆದಾಟವನ್ನು ತಪ್ಪಿಸಿವೆ.

ಆದರೆ ಸಂಗೊಳ್ಳಿಯ ಚರಿತ್ರೆ ನಮಗೆ ಕಲಿಸುವ ಪಾಠವನ್ನು ಮರೆಯಬೇಡಿ. ಕುಲಕರ್ಣಿಯೂ 'ಓದಿ ಹೇಳುವವನೇ' ಆಗಿದ್ದ. ಅವರಲ್ಲಿ ಒಳ್ಳೆಯವರಿದ್ದರು, ಕೆಟ್ಟವರೂ ಇದ್ದರು. ದೋಷವಿದ್ದದ್ದು, ಒಬ್ಬನ ಹಕ್ಕು ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಂತಿದ್ದ ಆ ಏರ್ಪಾಡಿನಲ್ಲಿ. ಇಂದು ಮಾಸಾಶನ ಜಮಾ ಆಯಿತೇ ಎಂದು ನೋಡಲು ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳಬೇಕಾದ ಅಂಧ ವಿಧವೆಯನ್ನು ಊಹಿಸಿಕೊಳ್ಳಿ. ಅಣ್ಣತಮ್ಮಂದಿರ ನಡುವೆ ಹೊಲದ ಹಿಸ್ಸೆಯ ವಿಚಾರ ಬಂದಾಗ, ಉತಾರದಲ್ಲಿ ತನ್ನ ಹೆಸರಿದೆಯೇ ಎಂದು ಅದೇ ಅಣ್ಣನನ್ನೇ ಕೇಳಬೇಕಾದ ಅಂಧ ತಮ್ಮನನ್ನು ಊಹಿಸಿಕೊಳ್ಳಿ. ಅಣ್ಣ ನಿಜವನ್ನೇ ಹೇಳಬಹುದು. ಆದರೂ ಆ ತಮ್ಮನಿಗೆ ಅದು ತಿಳಿದ ನಿಜವಲ್ಲ, ನಂಬಿದ ನಿಜ. ತನ್ನ ಕಾಗದವನ್ನು ತಾನೇ ಓದಿ ತಿಳಿಯುವುದಕ್ಕೂ ಇನ್ನೊಬ್ಬರ ಮಾತನ್ನು ನಂಬಿ ಹೆಬ್ಬೆಟ್ಟು ಒತ್ತುವುದಕ್ಕೂ ಇರುವ ಅಂತರವೇ ಪ್ರಜೆಗೂ ಆಶ್ರಿತನಿಗೂ ಇರುವ ಅಂತರ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2 ಕೋಟಿ 68 ಲಕ್ಷ, ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರಿದ್ದರು. ಅಂದು ಎಣಿಸಿದ್ದು 8 ಬಗೆಯ ವೈಕಲ್ಯಗಳನ್ನು ಮಾತ್ರ. ಇವರೆಲ್ಲರೂ ಯಾವುದೋ ಒಂದು ಊರಿನವರು, ಯಾವುದೋ ಒಂದು ಮನೆಯವರು.

ನಮ್ಮ ಪಾಲಿನ ಕೆಲಸ

ಸರಕಾರದ ಕೆಲಸವನ್ನು ಸರಕಾರವೇ ಮಾಡಬೇಕು. ಮಾಡದಿದ್ದರೆ ಕೇಳುವ ಹಕ್ಕು ನಮಗಿದೆ. ದೂರು ಹೇಳಲು ಕಾಯಿದೆಯ ಪ್ರಕಾರ ರಾಜ್ಯ ಮಟ್ಟದಲ್ಲಿ ವಿಕಲಚೇತನರ ಆಯುಕ್ತರ ಹುದ್ದೆಯಿದೆ. ಅದರ ಜೊತೆಗೆ, ನಮ್ಮ ಕೈಯಲ್ಲೇ ಇರುವ ಕೆಲವು ಕೆಲಸಗಳೂ ಇವೆ. ನಮ್ಮ ಕುಟುಂಬಗಳ ಎಷ್ಟೋ ಮಕ್ಕಳು ಇಂದು ಗಣಕ ಕ್ಷೇತ್ರದಲ್ಲಿ, ಪಂಚಾಯಿತಿಗಳಲ್ಲಿ, ಶಾಲಾ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಇದನ್ನು ಓದಿ ಹೇಳಿ. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ. ಸಹಿ ಮಾಡಿದ ಪತ್ರದ ಚಿತ್ರ ಹಾಕಬೇಕಾದರೆ ಅದರ ಪಕ್ಕದಲ್ಲಿ ಅಕ್ಷರರೂಪದ ಪ್ರತಿಯನ್ನೂ ಇಡಿ. ಚಿತ್ರವನ್ನು ಏರಿಸುವಾಗ ಅದರಲ್ಲಿ ಏನಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆ ಸಾಲನ್ನು ಸ್ಕ್ರೀನ್ ರೀಡರ್ ಓದುತ್ತದೆ.

ಒಂದು ಸುಲಭ ಪರೀಕ್ಷೆಯನ್ನೂ ಹೇಳುತ್ತೇನೆ. ಯಾವುದೇ ಜಾಲತಾಣವನ್ನು ತೆರೆದು ಮೌಸನ್ನು ಪಕ್ಕಕ್ಕಿಡಿ. ಕೀಲಿಮಣೆಯ 'ಟ್ಯಾಬ್' ಗುಂಡಿಯೊಂದನ್ನೇ ಒತ್ತುತ್ತ ಮುಂದೆ ಸಾಗಿ. ನೀವು ಎಲ್ಲಿದ್ದೀರೆಂದು ಪುಟ ತೋರಿಸುತ್ತದೆಯೇ? ಅರ್ಜಿಯ ಕೊನೆಯವರೆಗೆ ತಲುಪಲು ಆಗುತ್ತದೆಯೇ? ಆಗದಿದ್ದರೆ ಅಲ್ಲಿ ಒಂದು ಗೋಡೆ ಇದೆ ಎಂದು ತಿಳಿಯಿರಿ. ಆಮೇಲೆ ನಿಮ್ಮ ಫೋನಿನ ಓದುವ ಸೌಲಭ್ಯವನ್ನು ತೆರೆದು, ಕಣ್ಣು ಮುಚ್ಚಿ, ನಿಮ್ಮದೇ ಹೊಲದ ಉತಾರವನ್ನು ಹುಡುಕಿ ನೋಡಿ. ಹತ್ತು ನಿಮಿಷ ಸಾಕು. ನಮ್ಮ ಧರ್ಮಕೇಂದ್ರಗಳ ಪ್ರಕಟಣೆಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಒಳಿತು. ಚರ್ಚಿನ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗಾಗಿ ಇಳಿಜಾರು ಕಟ್ಟುವ ನಾವು, ಮದುವೆಯ ಪ್ರಕಟಣೆಯನ್ನೋ ಸಭೆಯ ಸೂಚನೆಯನ್ನೋ ಬರಿಯ ಚಿತ್ರವಾಗಿ ಎಲ್ಲರ ಫೋನಿಗೆ ಕಳುಹಿಸಿದರೆ, ಅಲ್ಲೂ ಒಂದು ಮೆಟ್ಟಿಲನ್ನು ಇಟ್ಟಂತೆಯೇ.

1830ರಲ್ಲಿ ಈ ಸೀಮೆಯ ಜನರು ತಮಗೆ ಓದಲಾಗದ ದಫ್ತರಕ್ಕೆ ಬೆಂಕಿಯಿಟ್ಟರು. ಅವರಿಗೆ ಬೇರೆ ದಾರಿ ಕಾಣಲಿಲ್ಲ. ನಮ್ಮ ಕಾಲದ ದಫ್ತರವನ್ನು ಸುಡಬೇಕಾಗಿಲ್ಲ. ಅದನ್ನು ಎಲ್ಲರೂ ಓದುವಂತೆ ಬರೆದರೆ ಸಾಕು. ಕೆಲಸ ಸಣ್ಣದು: ಒಂದು ಸರಿಯಾದ ಅಕ್ಷರ, ಅರ್ಜಿಯ ಖಾಲಿ ಜಾಗಕ್ಕೊಂದು ಹೆಸರು, ಚಿತ್ರದ ಜೊತೆಗೊಂದು ಸಾಲು. ಇಷ್ಟಾದರೆ ಸಂಗೊಳ್ಳಿಯ ಯಾವುದೋ ಮನೆಯ ಪಡಸಾಲೆಯಲ್ಲಿ ಕುಳಿತ ಅಂಧ ರೈತ ತನ್ನ ಫೋನನ್ನು ಕಿವಿಗೆ ಹಿಡಿದು, ಯಾರನ್ನೂ ಕೇಳದೆ, ತನ್ನ ಹೊಲದ ಉತಾರದಲ್ಲಿ ತನ್ನ ಹೆಸರನ್ನು ತಾನೇ ಕೇಳಿ ತಿಳಿಯುತ್ತಾನೆ.